ಸಾವಿರ ಹುಣ್ಣಿಮೆಯ ಲೆಕ್ಕ

ಹತ್ತನೆಯ ತರಗತಿಯ ಮಗನೋ ಮಗಳೋ ಇರುವ ಮನೆಯಲ್ಲಿ ಆ ವರ್ಷ ಎಲ್ಲವೂ ಬಂದ್. ಟೀವಿ ಬಂದ್, ಜಾತ್ರೆ ಬಂದ್. ಮದುವೆ ಮುಂಜಿಗಳಿಗೆ ಮನೆಯಿಂದ ಒಬ್ಬರೇ ಹೋಗಿ, ಆಹೇರಿ ಮುಟ್ಟಿಸಿ, ಊಟ ಮಾಡಿ ಬರುವುದು. ‘ಮುಂದಿನ ವರ್ಷ ಹೋದರಾಯಿತು, ನೆಂಟರೇನು ಓಡಿ ಹೋಗುತ್ತಾರೆಯೇ?’ ಎಂಬುದು ತಂದೆ ತಾಯಿಗಳ ಸಮಾಧಾನ. ಮುಂದಿನ ವರ್ಷ ಪಿಯುಸಿ, ಅದರ ಮುಂದಿನ ವರ್ಷ ಸಿಇಟಿ, ನೀಟ್. ಹೀಗೆ ಐದಾರು ವರ್ಷ ಕಳೆಯುವುದರೊಳಗೆ ಹುಡುಗ ಬೆಂಗಳೂರನ್ನೋ ಪುಣೆಯನ್ನೋ ಸೇರಿರುತ್ತಾನೆ. ಊರಲ್ಲಿ ಅವನನ್ನು ಎತ್ತಿ ಆಡಿಸಿದ ಹಿರಿಯರಲ್ಲಿ ಇಬ್ಬರು ಮೂವರು ಇರುವುದಿಲ್ಲ. ನೆಂಟರು ಓಡಿ ಹೋಗುವುದಿಲ್ಲ ನಿಜ. ಆದರೆ ಅವರು ನಮಗಾಗಿ ಕಾದು ಕೂರುವುದೂ ಇಲ್ಲ.

ವಿಜ್ಞಾನದ ಮಾಸ್ತರನಾಗಿ ನಾನು ‘ಓದು ಬಿಟ್ಟು ತಿರುಗಾಡಿರಿ’ ಎಂದು ಹೇಳಲಾರೆ. ಆದರೆ ಒಂದು ಕುಟುಂಬದ ಸಮಾರಂಭಕ್ಕಾಗಿ ಆಳಂದ, ಜೇವರ್ಗಿ, ಅಫಜಲಪುರ ಎಂದು ಮೂರು ತಾಲ್ಲೂಕು ತಿರುಗಿದ ಹುಡುಗನೊಬ್ಬ ದಾರಿಯಲ್ಲಿ ಏನು ಕಲಿತ ಎಂಬುದನ್ನು ಹೇಳಬಲ್ಲೆ. ಗಣಿತ, ಖಗೋಳ, ಭೂವಿಜ್ಞಾನ, ಇತಿಹಾಸ ಎಲ್ಲವೂ ಅದರಲ್ಲಿದ್ದವು. ಯಾವ ಪುಸ್ತಕದಲ್ಲಿಯೂ ಇಲ್ಲದ ಒಂದು ವಿಷಯವೂ ಇತ್ತು.

ನೀರಿನ ದಾರಿಯೇ ನೆಂಟಸ್ತನದ ದಾರಿ

ನಾನಿರುವುದು ಆಳಂದ ತಾಲ್ಲೂಕಿನಲ್ಲಿ. ಸೋದರಮಾವನ ಊರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯಿಂದ ದೂರವಿಲ್ಲದ ಹಳ್ಳಿ. ಮಾವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಮದುವೆಯಾಗಿ ಹೋದದ್ದು ಜೇವರ್ಗಿ ತಾಲ್ಲೂಕಿಗೆ. ಕಲಬುರಗಿ ಜಿಲ್ಲೆಯ ನಕ್ಷೆಯನ್ನು ತೆರೆದು ನೋಡಿದರೆ ಒಂದು ಸೊಗಸು ಕಾಣುತ್ತದೆ. ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿ ಕೋರಳ್ಳಿಯ ಅಣೆಕಟ್ಟನ್ನು ದಾಟಿ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಮಹಾರಾಷ್ಟ್ರದ ಭೀಮಾಶಂಕರದಿಂದ ಬರುವ ಭೀಮೆ ಅಲ್ಲಿಂದ ಜೇವರ್ಗಿಯ ಕಡೆಗೆ ಹರಿದು, ಮುಂದೆ ರಾಯಚೂರಿನ ಹತ್ತಿರ ಕೃಷ್ಣೆಯಲ್ಲಿ ಒಂದಾಗುತ್ತದೆ. ನಮ್ಮ ಹಿರಿಯರು ಹೆಣ್ಣು ಕೊಟ್ಟು ತಂದ ಊರುಗಳೂ ಇದೇ ಸಾಲಿನಲ್ಲಿವೆ. ದನದ ಸಂತೆಗೆ, ಜಾತ್ರೆಗೆ ಬಂಡಿ ಹೂಡಿಕೊಂಡು ಹೋಗಬಹುದಾದಷ್ಟೇ ದೂರದಲ್ಲಿ ಬೀಗತನ ಬೆಳೆಯುತ್ತಿತ್ತು. ಬಂಡಿಯ ದಾರಿ ಹಳ್ಳಕೊಳ್ಳದ ದಾರಿಯನ್ನೇ ಹಿಡಿಯುತ್ತಿತ್ತು.

ಒಬ್ಬರಿಗೆ ಎರಡು ಹುಟ್ಟಿದ ವರ್ಷ

2024ರ ಡಿಸೆಂಬರ್ 30, ಎಳ್ಳ ಅಮಾವಾಸ್ಯೆ. ನಮ್ಮ ಭಾಗದಲ್ಲಿ ಅಂದು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಭಜ್ಜಿ, ಸಜ್ಜೆ ಕಡಬು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಅಲ್ಲಿಯೇ ಊಟ. ಮಾವನ ಹೊಲದಲ್ಲಿ ಊಟಕ್ಕೆ ಕುಳಿತಾಗ ಅವರ ಮಕ್ಕಳು ಮಾತು ತೆಗೆದರು: ‘ಅಪ್ಪನಿಗೆ ಸಹಸ್ರ ಚಂದ್ರ ದರ್ಶನ ಮಾಡಬೇಕು. ಯಾವತ್ತು ಮಾಡೋಣ?’

ಸಾವಿರ ಹುಣ್ಣಿಮೆ ಕಂಡ ಹಿರಿಯರಿಗೆ ಮಾಡುವ ಸಮಾರಂಭ ಇದು. ದಿನ ಗೊತ್ತು ಮಾಡಬೇಕಾದರೆ ಹುಟ್ಟಿದ ದಿನ ಗೊತ್ತಿರಬೇಕಷ್ಟೆ? ತೊಡಕು ಅಲ್ಲಿಯೇ ಇತ್ತು. ಮಾವನ ಶಾಲೆಯ ದಾಖಲೆಯಲ್ಲಿ 1-6-1942 ಎಂದಿದೆ. ಈ ಜೂನ್ ಒಂದರ ಗುಟ್ಟು ಹಳೆಯ ತಲೆಮಾರಿನವರಿಗೆಲ್ಲ ಗೊತ್ತು. ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದಿದ್ದರೆ, ಶಾಲೆ ಆರಂಭವಾಗುವ ತಿಂಗಳಿನ ಮೊದಲ ದಿನವನ್ನೇ ಮಾಸ್ತರರು ಬರೆದುಬಿಡುತ್ತಿದ್ದರು. ದೇಶದಲ್ಲಿ ಜನನ ಮರಣ ನೋಂದಣಿ ಕಾಯಿದೆ ಬಂದದ್ದೇ 1969ರಲ್ಲಿ.

ಎರಡನೆಯ ದಾಖಲೆ ಅಜ್ಜನ ಲೆಕ್ಕದ ವಹಿ. ಕಂದಾಯ, ಬೀಜ, ಸಾಲದ ಲೆಕ್ಕಗಳ ನಡುವೆ ಒಂದು ಸಾಲು: ‘ಫಸಲಿ 1353, ಗಂಡು ಕೂಸು.’ ತಿಂಗಳಿಲ್ಲ, ತಿಥಿಯಿಲ್ಲ.

ಮಾವನ ಮಗಳ ಮಗ ಕಲಬುರಗಿಯಲ್ಲಿ ಹತ್ತನೆಯ ತರಗತಿಯಲ್ಲಿದ್ದ. ಮಾರ್ಚ್ 21ರಿಂದ ಪರೀಕ್ಷೆ ಎಂದು ಅವನನ್ನು ಕರೆತರುವುದೇ ಬೇಡವೆಂದಿದ್ದರು. ಪುಸ್ತಕದ ಚೀಲ ಹೊತ್ತುಕೊಂಡೇ ಬಂದಿದ್ದ. ವಹಿಯ ಸಾಲನ್ನು ಓದಿ ಅವನು ಕಣ್ಣರಳಿಸಿದ: ‘ಮುತ್ಯಾ ಹುಟ್ಟಿ ಏಳುನೂರು ವರ್ಷ ಆತೇನ್ರಿ?’ ಹೊಲದಲ್ಲಿ ನಗೆಯೋ ನಗೆ.

ಫಸಲಿ ಎಂದರೇನು?

ವಿದ್ಯಾರ್ಥಿಗಳು ಇದನ್ನು ತಿಳಿದುಕೊಳ್ಳಬೇಕು. ಫಸಲು ಎಂದರೆ ಬೆಳೆ. ಬೆಳೆ ಬಂದ ಮೇಲೆ ಕಂದಾಯ ವಸೂಲು ಮಾಡಲು ಅನುಕೂಲವಾಗುವಂತೆ ಮೊಗಲ್ ದೊರೆ ಅಕ್ಬರನ ಕಾಲದಲ್ಲಿ ಆರಂಭವಾದ ಶಕೆ ಇದು. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಭಾಗ ನಿಜಾಮನ ಹೈದರಾಬಾದ್ ಸಂಸ್ಥಾನದ ಆಳ್ವಿಕೆಯಲ್ಲಿತ್ತು. ಅಲ್ಲಿ ಸರಕಾರದ ವ್ಯವಹಾರ ಈ ಶಕೆಯಲ್ಲಿಯೇ ನಡೆಯುತ್ತಿತ್ತು. ವರ್ಷ ಆರಂಭವಾಗುತ್ತಿದ್ದುದು ಅಕ್ಟೋಬರಿನಲ್ಲಿ. ತಿಂಗಳುಗಳ ಹೆಸರು ಅಜೂರ್, ದೈ, ಬಹಮನ್ ಎಂದು ಸಾಗುತ್ತಿತ್ತು.

ಪರಿವರ್ತಿಸುವ ಲೆಕ್ಕ ಸುಲಭ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ. ಜನವರಿಯ ನಂತರದ ತಿಂಗಳುಗಳಿಗೆ 591 ಕೂಡಿಸಬೇಕು. ಫಸಲಿ 1353 ಎಂದರೆ 1943ರ ಅಕ್ಟೋಬರಿನಿಂದ 1944ರ ಅಕ್ಟೋಬರಿನವರೆಗೆ. ಶಾಲೆಯ 1942 ತಪ್ಪೆಂದು ಇಲ್ಲಿಗೇ ಸಿದ್ಧವಾಯಿತು. ಅಜ್ಜ ಮಗು ಹುಟ್ಟಿದಾಗ ಬರೆದದ್ದಕ್ಕೂ, ಮಾಸ್ತರರು ಐದಾರು ವರ್ಷಗಳ ನಂತರ ಮುಖ ನೋಡಿ ಅಂದಾಜಿನಲ್ಲಿ ಬರೆದದ್ದಕ್ಕೂ ವ್ಯತ್ಯಾಸವಿರುತ್ತದೆ. ಘಟನೆಗೆ ಹತ್ತಿರವಾದ ದಾಖಲೆಗೆ ಹೆಚ್ಚು ತೂಕ. ಪ್ರಯೋಗಶಾಲೆಯಲ್ಲಿಯೂ ಇದೇ ನಿಯಮ.

ಆದರೆ ವರ್ಷ ಸಿಕ್ಕಿತು, ದಿನ ಸಿಗಲಿಲ್ಲ. ‘ಅಕ್ಕನ್ನ ಕೇಳ್ರಿ. ಆಕಿಗಿ ಗೊತ್ತಿರ್ತದ’ ಎಂದರು ಮಾವ.

ಭೀಮೆಯನ್ನು ದಾಟಿ

ಜನವರಿಯ ಮೊದಲ ಭಾನುವಾರ ನಾನು ಆಳಂದದಿಂದ ಬಸ್ಸು ಹತ್ತಿದೆ. ಹುಡುಗ ಕಲಬುರಗಿಯಲ್ಲಿ ಕೂಡಿಕೊಂಡ. ಜೊತೆಗಿದ್ದ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ತವರಿಗೆ ಹೋಗಿಬರುವ ಹೆಣ್ಣುಮಕ್ಕಳು ಗಂಡನ ಮುಂದೆ ಕೈಯೊಡ್ಡುವುದು ತಪ್ಪಿದೆ.

ಕಲಬುರಗಿಯಿಂದ ಜೇವರ್ಗಿಗೆ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಕಟ್ಟಿಸಂಗಾವಿಯ ಸೇತುವೆ. ಜನವರಿಯಲ್ಲಿ ಭೀಮೆ ಸೌಮ್ಯ. ಇದೇ ನದಿ 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳನ್ನು ಮುಳುಗಿಸಿತ್ತು. ‘ನಮ್ಮಲ್ಲಿ ಮಳೆ ಕಡಿಮೆ, ಆದರೂ ನೆರೆ ಯಾಕೆ?’ ಎಂದು ಹುಡುಗ ಕೇಳಿದ. ನದಿಗೆ ನಮ್ಮ ಮಳೆಯೊಂದೇ ಲೆಕ್ಕವಲ್ಲ. ಮೇಲ್ಗಡೆ ಮಹಾರಾಷ್ಟ್ರದಲ್ಲಿ ಉಜನಿಯಂಥ ಅಣೆಕಟ್ಟುಗಳು ತುಂಬಿ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದರೂ ಹೊಳೆ ಬರುತ್ತದೆ.

ಕಿಟಕಿಯ ಹೊರಗೂ ಪಾಠವಿತ್ತು. ಆಳಂದ, ಅಫಜಲಪುರದ ಕಡೆ ಬಾವಿ ತೋಡಿದರೆ ಸಿಗುವುದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣ್ಣಗಾಗಿ ಆದ ಬಸಾಲ್ಟ್ ಶಿಲೆ ಅದು. ಅದೇ ಸವೆದು ನಮ್ಮ ಎರೆ ಮಣ್ಣಾಗಿದೆ. ನೀರು ಕುಡಿದರೆ ಉಬ್ಬಿ, ಬಿಸಿಲಿಗೆ ಬಿರುಕು ಬಿಡುವ ಜೇಡಿಯ ಕಣಗಳು ಅದರಲ್ಲಿವೆ. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳವನ್ನು ಬೆಳೆಸುವ ಶಕ್ತಿ ಅದಕ್ಕೆ ಬಂದದ್ದು ಹೀಗೆ. ಜೇವರ್ಗಿ, ಶಹಾಬಾದದ ಕಡೆ ಬಂದಂತೆ ಕಲ್ಲು ಬದಲಾಗುತ್ತದೆ. ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಫರಸಿ ಸುಣ್ಣಕಲ್ಲು. ಅದು ಲಾವಾಕ್ಕಿಂತ ಎಷ್ಟೋ ಹಳೆಯದು. ಒಂದು ಕಾಲದ ಸಮುದ್ರದ ತಳ. ಎರಡು ಗಂಟೆಯ ಬಸ್ ಪ್ರಯಾಣದಲ್ಲಿ ಹುಡುಗ ಅಗ್ನಿಶಿಲೆಯಿಂದ ಜಲಜಶಿಲೆಗೆ ಬಂದಿದ್ದ.

ದೊಡ್ಡವ್ವನ ಸಾಕ್ಷಿ

ದೊಡ್ಡವ್ವ ಕಟ್ಟೆಯ ಮೇಲೆ ಕುಳಿತು ತೊಗರಿ ಬೇಳೆ ಹಸನು ಮಾಡುತ್ತಿದ್ದರು. ವಿಷಯ ಹೇಳಿದಾಗ ಮರದಿಂದ ತಲೆಯೆತ್ತದೆಯೇ ಉತ್ತರ ಕೊಟ್ಟರು: ‘ಫಸಲಿ ಗಿಸಲಿ ನನಗೇನು ಗೊತ್ತದಪ್ಪಾ. ದವನದ ಹುಣ್ಣಿಮಿ ದಿನ ರಾತ್ರಿ ಹುಟ್ಟ್ಯಾನ. ಶನಿವಾರ ಇತ್ತು. ಹನಮಪ್ಪ ಹುಟ್ಟಿದ ಹುಣ್ಣಿಮಿ, ಹನಮಪ್ಪನ ವಾರ, ಎರಡೂ ಕೂಡಿ ಬಂದಾವ ಅಂತ ನಮ್ಮ ಆಯಿ ಓಣಿಗೆಲ್ಲಾ ಸಕ್ಕರಿ ಹಂಚಿದ್ಳು.’

ದವನದ ಹುಣ್ಣಿಮೆ ಎಂದರೆ ಚೈತ್ರ ಹುಣ್ಣಿಮೆ. ಫಸಲಿ 1353ರೊಳಗೆ ಅದು ಒಂದೇ ಬಾರಿ ಬರಲು ಸಾಧ್ಯ: 1944ರ ಯುಗಾದಿಯ ನಂತರ, ತಾರಣ ಸಂವತ್ಸರದಲ್ಲಿ. ಆದರೆ ದಿನಾಂಕ ಯಾವುದು? ಎಂಬತ್ತು ವರ್ಷ ಹಿಂದಿನ ಶನಿವಾರವನ್ನು ನಂಬುವುದು ಹೇಗೆ? ಹುಡುಗ ಪುಸ್ತಕದ ಚೀಲದಿಂದ ನೋಟ್‌ಬುಕ್ಕು ತೆಗೆದ.

ಮೊದಲು ಅವನು 1,000ವನ್ನು 12ರಿಂದ ಭಾಗಿಸಿ, ‘83 ವರ್ಷ 4 ತಿಂಗಳು’ ಎಂದ. ಇದು ಸರಿಯಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53059 ದಿನ. ಹನ್ನೆರಡು ಹುಣ್ಣಿಮೆಗೆ 354 ದಿನವೇ ಆಯಿತು. ಸೂರ್ಯನ ವರ್ಷಕ್ಕೆ ಹೋಲಿಸಿದರೆ 11 ದಿನ ಕಡಿಮೆ. ಈ ಕೊರತೆ ಕೂಡುತ್ತ ಹೋಗಿ ಸುಮಾರು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳಾಗುತ್ತದೆ. ಅದನ್ನೇ ನಾವು ಅಧಿಕ ಮಾಸ ಎನ್ನುವುದು. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಅದರ ನಂತರದ್ದು 2026ರ ಅಧಿಕ ಜ್ಯೇಷ್ಠ. ಹೀಗೆ ಸೇರುವ ಹೆಚ್ಚಿನ ಹುಣ್ಣಿಮೆಗಳು ಒಂದು ದೀರ್ಘ ಬಾಳಿನಲ್ಲಿ ಸುಮಾರು ಮೂವತ್ತು!

ಆದ್ದರಿಂದ ಸಾವಿರ ಹುಣ್ಣಿಮೆಗೆ ಬೇಕಾದ ದಿನಗಳು 1,000 × 29.53059, ಅಂದರೆ 29,530 ದಿನ ಮತ್ತು ಅರ್ಧ ದಿನದ ಮೇಲೆ ಸ್ವಲ್ಪ. ಇದು 80 ವರ್ಷ 10 ತಿಂಗಳು ಮತ್ತು ಕೆಲವು ದಿನ. ಈಗ ಕ್ಯಾಲೆಂಡರ್ ನೋಡಿದೆವು. 2025ರ ಫೆಬ್ರುವರಿ 12, ಬುಧವಾರ, ಮಾಘದ ಹುಣ್ಣಿಮೆ. ನಮ್ಮ ಭಾಗದವರ ಭಾರತ ಹುಣ್ಣಿಮೆ. ಅಲ್ಲಿಂದ 29,530 ದಿನ ಹಿಂದಕ್ಕೆ ಎಣಿಸಿದರೆ 1944ರ ಏಪ್ರಿಲ್ 8. ವಾರ ಯಾವುದು? 29,530ನ್ನು 7ರಿಂದ ಭಾಗಿಸಿದರೆ ಶೇಷ 4. ಬುಧವಾರದಿಂದ ನಾಲ್ಕು ದಿನ ಹಿಂದಕ್ಕೆ: ಮಂಗಳ, ಸೋಮ, ರವಿ, ಶನಿ.

ಶನಿವಾರ! ಹುಡುಗ ಪೆನ್ನು ಕೆಳಗಿಟ್ಟು ದೊಡ್ಡವ್ವನ ಮುಖವನ್ನೇ ನೋಡಿದ. ಅವರು ಬೇಳೆಯಲ್ಲಿನ ಹರಳು ಆರಿಸುತ್ತಲೇ ಇದ್ದರು.

ಇನ್ನೊಂದು ಸಾಕ್ಷಿಯೂ ಇದೆ. ಕ್ರೈಸ್ತರ ಈಸ್ಟರ್ ಹಬ್ಬ ಬರುವುದು ಮಾರ್ಚ್ 21ರ ಹೊತ್ತಿನ ನಂತರದ ಹುಣ್ಣಿಮೆ ಕಳೆದ ಮೊದಲ ಭಾನುವಾರ. 1944ರಲ್ಲಿ ಈಸ್ಟರ್ ಏಪ್ರಿಲ್ 9ರಂದು ಬಂದಿತ್ತು. ಹುಣ್ಣಿಮೆ ಅದರ ಹಿಂದಿನ ದಿನ. ಓದು ಬರಹ ಬಾರದ ಹಳ್ಳಿಯ ಹೆಣ್ಣುಮಗಳ ನೆನಪಿಗೆ ಜಗತ್ತಿನ ಪಂಚಾಂಗಗಳೆಲ್ಲ ಸಾಕ್ಷಿ ನುಡಿದಂತಾಯಿತು.

ವಹಿಯಲ್ಲಿ ಇಲ್ಲದ ಹೆಸರು

‘ಮತ್ತ ನೀವು ಯಾವಾಗ ಹುಟ್ಟೀರಿ, ಆಯಿ?’ ಎಂದು ಹುಡುಗ ಕೇಳಿದ.

ದೊಡ್ಡವ್ವ ನಕ್ಕರು. ‘ನಂದಾ? ಹೆಣ್ಣುಮಕ್ಕಳದು ಯಾರು ಬರೀತಿದ್ರಪ್ಪಾ.’

ನಿಜ. ಅಜ್ಜನ ವಹಿಯಲ್ಲಿ ಗಂಡುಮಕ್ಕಳ ಸಾಲುಗಳಿವೆ. ದೊಡ್ಡವ್ವನದಿಲ್ಲ, ನನ್ನ ತಾಯಿಯದೂ ಇಲ್ಲ. ಅಜ್ಜ ಕೆಟ್ಟವರಾಗಿರಲಿಲ್ಲ. ಕೊಟ್ಟ ಮನೆಗೆ ಹೋಗುವ ಮಗಳ ಲೆಕ್ಕ ಈ ಮನೆಯ ವಹಿಯಲ್ಲಿ ಯಾಕೆ ಎಂಬುದು ಕಾಲದ ರೂಢಿಯಾಗಿತ್ತು. ದೊಡ್ಡವ್ವನ ಗುರುತಿನ ಚೀಟಿಯೊಂದರಲ್ಲಿ ಜನವರಿ 1, 1946 ಎಂದಿದೆ. ಅದರ ಪ್ರಕಾರ ಅವರು ತಾವು ಕಂಕುಳಲ್ಲಿ ಎತ್ತಿ ಆಡಿಸಿದ ತಮ್ಮನಿಗಿಂತ ಎರಡು ವರ್ಷ ಚಿಕ್ಕವರು!

ಎಲ್ಲರ ಹುಟ್ಟನ್ನೂ ನೆನಪಿಟ್ಟವರ ಹುಟ್ಟನ್ನು ನೆನಪಿಟ್ಟವರು ಯಾರೂ ಉಳಿದಿರಲಿಲ್ಲ. ಆದರೆ ಹುಡುಗ ಬಿಡಲಿಲ್ಲ. ‘ಮುತ್ಯಾ ಹುಟ್ಟಿದಾಗ ನೀವು ಎಷ್ಟು ದೊಡ್ಡವ್ರು ಇದ್ರಿ?’ ಎಂದ. ದೊಡ್ಡವ್ವ ಯೋಚಿಸಿ ಹೇಳಿದರು: ‘ಅದೇ ದಿನ ನನ್ನ ಕೆಳಗಿನ ಮುಂದಿನ ಹಲ್ಲು ಬಿದ್ದಿತ್ತು. ಮೊದಲ್ನೇದ್ದು. ಮಾಳಿಗಿ ಮ್ಯಾಲ ಒಗದಿದ್ದೆ. ಬಾಣಂತಿ ಮನ್ಯಾಗ ಗದ್ದಲ ಮಾಡ್ತಿ ಅಂತ ಬೈಸಿಕೊಂಡಿದ್ದೆ.’

ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆ? ಮಕ್ಕಳ ಹಾಲುಹಲ್ಲುಗಳಲ್ಲಿ ಮೊದಲು ಬೀಳುವುದು ಸಾಮಾನ್ಯವಾಗಿ ಕೆಳದವಡೆಯ ಮುಂದಿನ ಎರಡು, ಆರರಿಂದ ಏಳನೆಯ ವಯಸ್ಸಿನಲ್ಲಿ. 1944ರ ಏಪ್ರಿಲಿನಲ್ಲಿ ಆರೇಳು ವರ್ಷವೆಂದರೆ ಹುಟ್ಟಿದ್ದು 1937–38ರ ಸುಮಾರಿಗೆ. ದಿನ ಸಿಗಲಿಲ್ಲ, ಆದರೆ ವರ್ಷದ ಸಮೀಪ ಬಂದೆವು. ಅದಕ್ಕೆ 80 ವರ್ಷ 10 ತಿಂಗಳು ಕೂಡಿಸಿದಾಗ ಹುಡುಗ ತಾನೇ ಹೇಳಿದ: ‘ಆಯಿಯ ಸಾವಿರ ಹುಣ್ಣಿಮಿ 2018–19ರಾಗೇ ಮುಗ್ದಾವ್ರಿ. ಯಾರೂ ಮಾಡೇ ಇಲ್ಲ.’

ಆ ಮಾತಿಗೆ ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ದೊಡ್ಡವ್ವನ ಸೊಸೆ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದರು.

ಭಾರತ ಹುಣ್ಣಿಮೆಯ ದಿನ

ಫೆಬ್ರುವರಿ 12ರಂದು ಮಾವನ ಮನೆಯಲ್ಲಿ ಎರಡು ಮಣೆ ಹಾಕಿದ್ದರು. ವಯಸ್ಸಾದವರನ್ನು ಜೇವರ್ಗಿಯಿಂದ ಅಲ್ಲಿಯವರೆಗೆ ಕರೆದೊಯ್ಯುವುದು ಬೇಡವೆಂದು ಮೊದಲು ಕೆಲವರು ಅಂದಿದ್ದರು. ಈಗ ಮೊಮ್ಮಕ್ಕಳೇ ಕಾರು ಮಾಡಿಕೊಂಡು ಹೋಗಿ ದೊಡ್ಡವ್ವನನ್ನು ಕರೆತಂದಿದ್ದರು. ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿ ಆರತಿ ಮಾಡಿದರು. ಹೂರಣದ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ರೊಟ್ಟಿಯ ಊಟ. ತೊಗರಿ ರಾಶಿ ಮುಗಿದಿತ್ತು. ಬೇಳೆ ಮನೆಯ ಹೊಲದ್ದೇ.

ಸಂಜೆ ಮಕ್ಕಳನ್ನೆಲ್ಲ ಮಾಳಿಗೆಗೆ ಕರೆದೊಯ್ದೆ. ಪಶ್ಚಿಮದಲ್ಲಿ ಸೂರ್ಯ ಮುಳುಗುತ್ತಿದ್ದ ಹೊತ್ತಿಗೇ ಪೂರ್ವದಲ್ಲಿ ಚಂದ್ರ ಮೂಡಿದ. ಸೂರ್ಯ, ಭೂಮಿ, ಚಂದ್ರ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ, ಭೂಮಿ ನಡುವೆ ಇದ್ದಾಗಲೇ ಹುಣ್ಣಿಮೆಯಾದ್ದರಿಂದ ಅವರಿಬ್ಬರು ಎದುರು ಬದುರು. ದಿಗಂತದಲ್ಲಿ ಚಂದ್ರ ಕೆಂಪಗೆ ಕಾಣಲು ಕಾರಣ, ಅವನ ಬೆಳಕು ದಪ್ಪನೆಯ ಗಾಳಿಯ ಪದರವನ್ನು ದಾಟಿ ಬರುವಾಗ ನೀಲಿ ಬಣ್ಣ ಚದುರಿ ಹೋಗುವುದು. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಷ್ಟು ನಮ್ಮಿಂದ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿಟ್ಟು ಬಂದಂಥ ಕನ್ನಡಿಗಳ ಮೇಲೆ ಲೇಸರ್ ಹಾಯಿಸಿ ಇದನ್ನು ಅಳೆದಿದ್ದಾರೆ. ಮಾವನ ಬಾಳಿನಲ್ಲಿ ಚಂದ್ರ ಸರಿದದ್ದು ಮೂರು ಮೀಟರ್, ನಮ್ಮ ಪಡಸಾಲೆಯ ಅಗಲದಷ್ಟು. ಆದರೆ ಅದೇ ಬಾಳಿನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಅಲ್ಲಿಳಿಯಿತು.

ಹುಡುಗನಿಗೆ ಒಂದು ಅನುಮಾನ ಉಳಿದಿತ್ತು. ‘ಮಳೆಗಾಲದಾಗ ಮೋಡ ಇರ್ತಾವಲ್ರಿ ಮುತ್ಯಾ. ಸಾವಿರ ಹುಣ್ಣಿಮಿ ಆದವು ಖರೆ, ಸಾವಿರ ಸಲ ಚಂದ್ರನ್ನ ನೋಡೀರೇನು?’

‘ಮೋಡದ ಹಿಂದ ಇರ್ತಾನಲ್ಲೋ ತಮ್ಮಾ’ ಎಂದರು ಮಾವ. ‘ನಾ ನೋಡಲಿಲ್ಲಂದ್ರ ಅಂವ ಬರೋದು ಬಿಡ್ತಾನೇನು?’

ಈ ರಜೆಗೊಂದು ಕೆಲಸ

ಆ ಹುಡುಗನಿಗೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದವೆಂದು ಇಲ್ಲಿ ಹೇಳುವುದಿಲ್ಲ. ಅಂಕಕ್ಕಾಗಿ ಅವನನ್ನು ಕರೆದೊಯ್ದದ್ದಲ್ಲ. ಅವನಿಗೆ ಹಿಡಿದದ್ದು ಮೂರು ದಿನ. ಬಿಟ್ಟಿದ್ದರೆ ದೊಡ್ಡವ್ವನ ಹಲ್ಲಿನ ಕಥೆಯನ್ನು ಯಾರೂ ಕೇಳುತ್ತಿರಲಿಲ್ಲ. ನಾವು ದೊಡ್ಡವರು ಮಾವನ ದಿನ ಸಿಕ್ಕೊಡನೆ ಎದ್ದು ಹೊರಟಿರುತ್ತಿದ್ದೆವು.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅತಿ ಹಿರಿಯರ ಬಳಿಗೆ ಒಂದು ನೋಟ್‌ಬುಕ್ಕು ತೆಗೆದುಕೊಂಡು ಹೋಗಿರಿ. ದಿನಾಂಕ ಕೇಳಬೇಡಿ, ಅವರಿಗೆ ದಿನಾಂಕ ಗೊತ್ತಿರುವುದಿಲ್ಲ. ಯಾವ ಹಬ್ಬದ ಹತ್ತಿರ, ಯಾವ ವಾರ, ಹೊಲದಲ್ಲಿ ಯಾವ ಬೆಳೆ ಇತ್ತು, ಹೊಳೆ ಬಂದಿತ್ತೋ ಬರಗಾಲವಿತ್ತೋ, ಆಗ ಯಾರು ಕೂಸು, ಯಾರು ನಡೆಯುತ್ತಿದ್ದರು ಎಂದು ಕೇಳಿ. 1944ರಲ್ಲಿ ಹುಟ್ಟಿದ ನಮ್ಮ ಮಾವ ಊರು ಬಿಡದೆಯೇ ಹೈದರಾಬಾದ್ ಸಂಸ್ಥಾನ, 1956ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ ಎಂದು ಹೆಸರು ಬದಲಾದ ಆಡಳಿತಗಳಲ್ಲಿ ಬದುಕಿದವರು. 2014ರಲ್ಲಿ ಜಿಲ್ಲೆಯ ಹೆಸರೂ ಗುಲಬರ್ಗಾ ಹೋಗಿ ಕಲಬುರಗಿಯಾಯಿತು. ಇಂಥ ಬಾಳಿಗೆ ಸರಕಾರಿ ಕಾಗದವೊಂದೇ ಸಾಕ್ಷಿಯಾಗಲಾರದು.

ಇನ್ನೊಂದು ಪ್ರಯೋಗವೂ ಉಂಟು. 19 ವರ್ಷಗಳಲ್ಲಿ 235 ಹುಣ್ಣಿಮೆಗಳು ಹೆಚ್ಚುಕಡಿಮೆ ಸರಿಯಾಗಿ ಕೂಡುತ್ತವೆ. ಹಾಗಾಗಿ ನಿಮ್ಮ 19ನೆಯ ಹುಟ್ಟುಹಬ್ಬಕ್ಕೆ ಹುಟ್ಟಿದ ದಿನಾಂಕವೂ ತಿಥಿಯೂ ಒಂದೇ ದಿನ ಅಥವಾ ಒಂದು ದಿನದ ಅಂತರದಲ್ಲಿ ಬರುತ್ತವೆ. ಪಂಚಾಂಗ ತೆಗೆದು ಪರೀಕ್ಷಿಸಿ ನೋಡಿ.

ಪಾಲಕರಿಗೆ ಹೇಳುವುದು ಒಂದೇ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಉದ್ಯೋಗಕ್ಕೆ, ಪಾಸ್‌ಪೋರ್ಟಿಗೆ ಜನನ ಪ್ರಮಾಣ ಪತ್ರವೇ ಮುಖ್ಯ ದಾಖಲೆ. ಹೆಣ್ಣು ಗಂಡೆಂಬ ಭೇದವಿಲ್ಲದೆ ಅದನ್ನು ಮಾಡಿಸಿಡಿ. ಅದು ಸರಕಾರದ ವಹಿ. ಮನೆಯ ವಹಿಯನ್ನು ಬರೆಯಬೇಕಾದವರು ನಿಮ್ಮ ಮಕ್ಕಳು. ನಮ್ಮ ಅಜ್ಜನ ವಹಿಯಲ್ಲಿ ‘ಫಸಲಿ 1353, ಗಂಡು ಕೂಸು’ ಎಂಬ ಸಾಲಿನ ಮೇಲೆ ಖಾಲಿ ಇದ್ದ ಜಾಗದಲ್ಲಿ ಈಗ ಹತ್ತನೆಯ ತರಗತಿಯ ಹುಡುಗನ ಕೈಬರಹದಲ್ಲಿ ಇನ್ನೊಂದು ಸಾಲಿದೆ: ‘ಸುಮಾರು 1937–38, ಹೆಣ್ಣು ಕೂಸು.’